ಪ್ಯಾಂಟಿನ ಮುಂಜೇಬಿಗೆ ಯಾವ ಕೈಬಂದೂಕು? ಟೆಕ್ಸಾಸ್‌ನಲ್ಲಿರುವವರು ದಯವಿಟ್ಟು ತಿಳಿಸಿ

ಇರ್ವಿಂಗ್ ಅಂಗಡಿಯವ:
ಡಲ್ಲಾಸ್ ಪಕ್ಕದ ಇರ್ವಿಂಗ್‌ನಲ್ಲಿ ಪೆಟ್ರೋಲ್ ಬಂಕ್ ಮತ್ತು ಅದಕ್ಕೆ ಸೇರಿದ ದಿನಸಿ ಅಂಗಡಿಯನ್ನು ನಡೆಸುತ್ತಿದ್ದೇನೆ. ಗ್ರೀನ್ ಕಾರ್ಡ್ ಇದೆ. ನನ್ನ ಮೇಲೆ ಯಾವ ಪ್ರಕರಣವೂ ಇಲ್ಲ. ರಾತ್ರಿ ಅಂಗಡಿ ಮುಚ್ಚಿ ಹಿಂಬದಿಯಲ್ಲಿ ನಿಲ್ಲಿಸಿದ ಕಾರಿನವರೆಗೆ ಒಬ್ಬನೇ ನಡೆದುಹೋಗಬೇಕಾಗುತ್ತದೆ. ಇದೇ ರಸ್ತೆಯ ಅಂಗಡಿಗಳಲ್ಲಿ ದರೋಡೆ ನಡೆದ ಮೇಲೆ ಮನೆಯವರ ಆತಂಕ ಹೆಚ್ಚಾಗಿದೆ. ಸೊಂಟಕ್ಕೆ ಕಟ್ಟಿಕೊಳ್ಳುವುದು ನನ್ನ ಕೆಲಸಕ್ಕೆ ಒಗ್ಗುವುದಿಲ್ಲ, ಏಕೆಂದರೆ ಬಗ್ಗಿ ಪೆಟ್ಟಿಗೆ ಎತ್ತಿದಾಗಲೆಲ್ಲ ಅಂಗಿ ಮೇಲೇರಿ ಎಲ್ಲವೂ ಗಿರಾಕಿಗಳ ಕಣ್ಣಿಗೆ ಬೀಳುತ್ತದೆ. ಹಾಗಾಗಿ ಮುಂಜೇಬಿನಲ್ಲಿ ಇಟ್ಟುಕೊಳ್ಳುವಂಥದ್ದನ್ನು ಹುಡುಕುತ್ತಿದ್ದೇನೆ. ರೂಗರ್ ಎಲ್‌ಸಿಪಿ ಮ್ಯಾಕ್ಸ್, ಸ್ಮಿತ್ ಅಂಡ್ ವೆಸನ್ 642 ರಿವಾಲ್ವರ್ ಮತ್ತು ಸಿಗ್ ಪಿ365, ಈ ಮೂರರ ನಡುವೆ ಮನಸ್ಸು ಓಲಾಡುತ್ತಿದೆ. ಬಳಸಿದವರು ಹೇಳಿದರೆ ಉಪಕಾರವಾಗುತ್ತದೆ.

ಹ್ಯೂಸ್ಟನ್ ಹಳಬ:
ಮೊದಲು ತೂಕ ಮತ್ತು ದಪ್ಪವನ್ನು ನೋಡಿ, ಉಳಿದದ್ದು ಆಮೇಲೆ. ಗುಂಡು ತುಂಬದ ಎಲ್‌ಸಿಪಿ ಮ್ಯಾಕ್ಸ್ ಸುಮಾರು 300 ಗ್ರಾಂ ತೂಗುತ್ತದೆ, 642 ಸುಮಾರು 410 ಗ್ರಾಂ, ಪಿ365 ಸುಮಾರು 500 ಗ್ರಾಂ. ಗುಂಡು ತುಂಬಿದ ಮೇಲೆ ಪಿ365 ಜೇಬನ್ನು ಕೆಳಗೆ ಜಗ್ಗುತ್ತದೆ. ತೆಳು ಬಟ್ಟೆಯ ಪ್ಯಾಂಟಿನಲ್ಲಿ ನಡೆದರೆ ಅದು ತೊಡೆಗೆ ಬಡಿಯುವುದು ದೂರದಿಂದಲೇ ಕಾಣುತ್ತದೆ. 2018ರಲ್ಲಿ ಅದು ಬಂದಾಗ ಅಷ್ಟು ಚಿಕ್ಕ ಮೈಯಲ್ಲಿ 9 ಎಂಎಂನ ಹತ್ತು ಗುಂಡು ಹಿಡಿಸಿದ್ದು ದೊಡ್ಡ ಸಾಧನೆಯೇ ಆಗಿತ್ತು, ಆದರೆ ಅದು ಸೊಂಟಕ್ಕೆಂದು ಹುಟ್ಟಿದ ಪಿಸ್ತೂಲು. ಎಲ್‌ಸಿಪಿಯ ಕಥೆ ಬೇರೆ. 2008ರಲ್ಲಿ ಮೊದಲ ಮಾದರಿ ಬಂದದ್ದೇ ಜೇಬಿಗಾಗಿ, ಮತ್ತು 2021ರಲ್ಲಿ ಬಂದ ಮ್ಯಾಕ್ಸ್ ಹೆಚ್ಚು ಕಡಿಮೆ ಅದೇ ಗಾತ್ರದಲ್ಲಿ 380 ಎಸಿಪಿಯ (9 ಎಂಎಂಗಿಂತ ಕಡಿಮೆ ಬಲದ) ಹತ್ತು ಗುಂಡುಗಳನ್ನು ಹಿಡಿಸಿಕೊಂಡಿತು. ಹಳೆಯ ಎಲ್‌ಸಿಪಿಯ ಗುರಿಕಣ್ಣು ಇದ್ದೂ ಇಲ್ಲದಂತಿತ್ತು. ಮ್ಯಾಕ್ಸ್‌ನಲ್ಲಿ ಕತ್ತಲಲ್ಲೂ ಮಿನುಗುವ ಮುಂಗುರಿ, ಅಂದರೆ ಮುಂತುದಿಯ ಗುರಿಕಣ್ಣು ಇದೆ, ಮತ್ತು ರಾತ್ರಿ ಅಂಗಡಿ ಮುಚ್ಚುವವರಿಗೆ ಇದು ಸಣ್ಣ ಮಾತಲ್ಲ.

ಪ್ಲೇನೋ ಪುಟ್ಟಣ್ಣ:
ಎಲ್‌ಸಿಪಿ ಮ್ಯಾಕ್ಸ್ ತೆಗೆದುಕೊಳ್ಳಿ, ಉಳಿದೆರಡು ಜೇಬಿಗೆ ಹೇಳಿದವಲ್ಲ.

ಐದು ಗುಂಡು:
ಇದನ್ನು ನಾನು ಒಪ್ಪುವುದಿಲ್ಲ. 642 ಜೇಬಿಗೆ ಹೇಳಿದ್ದಲ್ಲವೆಂದರೆ ಇನ್ನಾವುದು ಹೇಳಿದ್ದು? ಅದರ ಸುತ್ತಿಗೆ (ಗುಂಡು ಹಾರಿಸಲು ಬಡಿಯುವ ಭಾಗ) ಕವಚದೊಳಗೇ ಅಡಗಿರುವುದರಿಂದ ಹೊರಗೆಳೆಯುವಾಗ ಬಟ್ಟೆಗೆ ಸಿಕ್ಕಿಕೊಳ್ಳುವ ಕೊಕ್ಕೆಯೇ ಇಲ್ಲ. ಒಂದು ಗುಂಡು ಹಾರದೆ ಹೋದರೆ ಮತ್ತೊಮ್ಮೆ ಟ್ರಿಗರ್ ಎಳೆದರಾಯಿತು, ಚಕ್ರ ತಿರುಗಿ ಮುಂದಿನ ಗುಂಡು ಎದುರಿಗೆ ಬರುತ್ತದೆ. ಪಿಸ್ತೂಲಿನಲ್ಲಿ ಅದೇ ಸಂದರ್ಭ ಎದುರಾದರೆ ಎರಡೂ ಕೈ ಬಳಸಿ ಸ್ಲೈಡ್, ಅಂದರೆ ಮೇಲೆ ಹಿಂದೆಮುಂದೆ ಜಾರುವ ಭಾಗ, ಎಳೆಯಬೇಕು. ಎದುರಾಳಿ ಮೈಮೇಲೆ ಬಿದ್ದು ತಳ್ಳಾಟವಾಗುತ್ತಿರುವಾಗ ಎರಡನೆಯ ಕೈ ಬಿಡುವಾಗಿರುತ್ತದೆಂದು ಯಾರು ಹೇಳಿದರು? ಚಳಿಗಾಲದಲ್ಲಿ ಕೋಟಿನ ಜೇಬಿನಲ್ಲಿ ಕೈ ಇಟ್ಟುಕೊಂಡೇ ನಡೆಯಬಹುದು, ಅನಿವಾರ್ಯವಾದರೆ ಕೋಟಿನೊಳಗಿನಿಂದಲೇ ಹಾರಿಸಬಹುದು. ಪಿಸ್ತೂಲಾದರೆ ಸ್ಲೈಡ್ ಬಟ್ಟೆಗೆ ಸಿಕ್ಕಿ ಒಂದೇ ಗುಂಡಿಗೆ ನಿಂತುಹೋಗುವ ಅಪಾಯವಿದೆ. ಎಲ್ಲಕ್ಕಿಂತ ಮುಖ್ಯವಾದದ್ದು ಟ್ರಿಗರ್. ಉದ್ದವಾದ, ಭಾರವಾದ ಆ ಎಳೆತ ಜೇಬಿನ ಬಂದೂಕಿಗೆ ತಾನಾಗಿಯೇ ಒದಗಿದ ರಕ್ಷಣೆ.

ಹ್ಯೂಸ್ಟನ್ ಹಳಬ:
ಐದು ಗುಂಡಿನವರು ಹೇಳಿದ್ದರಲ್ಲಿ ಸುಳ್ಳಿಲ್ಲ, ಆದರೆ ಅರ್ಧ ಮಾತು ಉಳಿದಿದೆ. 642ರ ಚಕ್ರದ ದಪ್ಪ ಸುಮಾರು 1.3 ಅಂಗುಲ, ಮ್ಯಾಕ್ಸ್‌ನ ದಪ್ಪ ಅದರ ಮೂರನೆಯ ಎರಡು ಭಾಗಕ್ಕಿಂತಲೂ ಕಡಿಮೆ. ಜೇಬಿನಲ್ಲಿ ರಿವಾಲ್ವರ್ ಗುಬುಟಾಗಿ ಕಾಣುತ್ತದೆ. ಇನ್ನು ಆ ಭಾರವಾದ ಟ್ರಿಗರ್ ನಿಮ್ಮನ್ನು ಕಾಯುವಷ್ಟೇ ನಿಮ್ಮ ಗುರಿಯನ್ನೂ ಕೆಡಿಸುತ್ತದೆ. ಎರಡು ಅಂಗುಲಕ್ಕೂ ಚಿಕ್ಕದಾದ ನಳಿಗೆ, ಗಟ್ಟಿ ಟ್ರಿಗರ್, ಹಗುರ ಮೈ, ಇವು ಮೂರೂ ಸೇರಿದರೆ ಹೊಸಬರು ಏಳು ಗಜದಲ್ಲಿ ಗುರಿಯ ಕಾಗದವನ್ನೇ ಪೂರ್ತಿ ತಪ್ಪಿಸುವುದನ್ನು ಯಾವ ಶೂಟಿಂಗ್ ರೇಂಜ್‌ನಲ್ಲಾದರೂ ನೋಡಬಹುದು. ಒದೆತ ಹೇಗಿದೆಯೆಂದರೆ ಒಂದು ಡಬ್ಬಿ ಗುಂಡು ಮುಗಿಯುವ ಮೊದಲೇ ಹೆಬ್ಬೆರಳಿನ ಬುಡ ಕೆಂಪಾಗುತ್ತದೆ, ಮತ್ತು ನೋವು ಕೊಡುವ ಬಂದೂಕನ್ನು ಯಾರೂ ಅಭ್ಯಾಸ ಮಾಡುವುದಿಲ್ಲ.

ಆಸ್ಟಿನ್ ಅಕ್ಕ:
ನೀವೆಲ್ಲರೂ ಗಂಡಸರ ಕೈ ಮತ್ತು ಗಂಡಸರ ಜೇಬನ್ನೇ ಲೆಕ್ಕಕ್ಕೆ ಹಿಡಿದು ಮಾತನಾಡುತ್ತಿದ್ದೀರಿ. ಹೆಂಗಸರ ಪ್ಯಾಂಟಿನ ಮುಂಜೇಬಿನಲ್ಲಿ ಫೋನೇ ಪೂರ್ತಿ ಇಳಿಯುವುದಿಲ್ಲ. ಹಾಗಾಗಿ ನನ್ನದು ಜಾಕೆಟ್ಟಿನ ಒಳಜೇಬಿನಲ್ಲಿರುತ್ತದೆ. ಸ್ಲೈಡ್ ಎಳೆಯಲು ಬೆರಳಲ್ಲಿ ಬಲ ಸಾಲದವರಿಗೆ ರಿವಾಲ್ವರ್ ಕೊಡಿಸುವ ಸಂಪ್ರದಾಯವೊಂದು ಇಲ್ಲಿನ ಅಂಗಡಿಗಳಲ್ಲಿದೆ, ಆದರೆ ಸ್ಲೈಡ್ ಎಳೆಯಲಾಗದ ಕೈಗೆ ಆ ಟ್ರಿಗರ್ ಎಳೆಯಲಾಗುತ್ತದೆಯೇ ಎಂದು ಮಾರುವವರು ಕೇಳುವುದೇ ಇಲ್ಲ.

ಮೂಲ ಪ್ರಶ್ನೆ ಕೇಳಿದವರಿಗೆ ಇನ್ನೊಂದು ಮಾತು. ಕಾರಿನಲ್ಲಿ ಕುಳಿತು ಸೀಟ್ ಬೆಲ್ಟ್ ಹಾಕಿಕೊಂಡ ಮೇಲೆ ಮುಂಜೇಬಿನಿಂದ ಏನನ್ನಾದರೂ ಹೊರತೆಗೆಯಲು ಪ್ರಯತ್ನಿಸಿ ನೋಡಿ. ತೊಡೆ ಮಡಚಿದಾಗ ಜೇಬಿನ ಬಾಯಿ ಮುಚ್ಚಿಕೊಳ್ಳುತ್ತದೆ, ಬೆಲ್ಟ್ ಅದರ ಮೇಲೆ ಬಿಗಿಯುತ್ತದೆ. ನಿಮ್ಮ ಭಯವಿರುವುದು ಅಂಗಡಿಯಿಂದ ಕಾರಿನವರೆಗಿನ ದಾರಿಯದ್ದಾದರೆ ಜೇಬು ಸಾಕು. ಕಾರಿನೊಳಗಿನದ್ದೂ ಆದರೆ ಜೇಬು ಸಾಲದು, ಬೇರೆ ವಿಧಾನವನ್ನೇ ಯೋಚಿಸಬೇಕು.

ಎಚ್-1ಬಿ ಹೊಸಬ:
ಟೆಕ್ಸಾಸ್‌ನಲ್ಲಿ ಈಗ ಪರವಾನಗಿಯೇ ಬೇಕಿಲ್ಲವೆಂದು ಸಹೋದ್ಯೋಗಿಗಳು ಹೇಳುತ್ತಾರೆ. ಹಾಗಾದರೆ ನಾನೂ ಒಂದನ್ನು ಕೊಂಡು ಇಟ್ಟುಕೊಳ್ಳಬಹುದಲ್ಲವೇ?

ಕಾನೂನು ಓದುಗ:
ಖಂಡಿತ ಹಾಗೆ ಭಾವಿಸಬೇಡಿ. 2021ರ ಸೆಪ್ಟೆಂಬರ್ 1ರಿಂದ ಟೆಕ್ಸಾಸ್‌ನಲ್ಲಿ 21 ವರ್ಷ ತುಂಬಿದವರು ಪರವಾನಗಿಯಿಲ್ಲದೆ ಕೈಬಂದೂಕು ಒಯ್ಯಬಹುದೆಂಬುದು ನಿಜ, ಆದರೆ ಆ ರಿಯಾಯಿತಿ ಬಂದೂಕು ಇಟ್ಟುಕೊಳ್ಳಲು ಕಾನೂನಿನ ತಡೆಯಿಲ್ಲದವರಿಗೆ ಮಾತ್ರ. ಎಚ್-1ಬಿ, ಎಲ್-1, ಎಫ್-1, ಪ್ರವಾಸಿ ವೀಸಾ ಮುಂತಾದ ತಾತ್ಕಾಲಿಕ ವೀಸಾಗಳ ಮೇಲೆ ಬಂದವರು ಬಂದೂಕಾಗಲಿ ಗುಂಡಾಗಲಿ ಹೊಂದುವುದನ್ನು ಫೆಡರಲ್ ಕಾನೂನು ನಿಷೇಧಿಸುತ್ತದೆ, ಮತ್ತು ರಾಜ್ಯದ ಸಡಿಲಿಕೆ ಅದನ್ನು ಮೀರಲಾರದು. ಈ ನಿಷೇಧಕ್ಕೆ ಕೆಲವು ವಿನಾಯಿತಿಗಳಿವೆ. ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆಯ ಪರವಾನಗಿ ಅವುಗಳಲ್ಲೊಂದು. ಆದರೆ ಅದನ್ನು ನಂಬಿ ಹೆಜ್ಜೆ ಇಡುವ ಮೊದಲು ವಲಸೆ ಕಾನೂನನ್ನೂ ಬಂದೂಕು ಕಾನೂನನ್ನೂ ಬಲ್ಲ ವಕೀಲರೊಬ್ಬರನ್ನು ಕಾಣಲೇಬೇಕು. ಉಲ್ಲಂಘನೆಗೆ 15 ವರ್ಷದವರೆಗೆ ಸೆರೆವಾಸವಿದೆ, ಗ್ರೀನ್ ಕಾರ್ಡಿನ ದಾರಿ ಮುಚ್ಚಿಹೋಗುವುದು ಬೇರೆ. ಅಂಗಡಿಯಲ್ಲಿ ತುಂಬಿಸಿಕೊಳ್ಳುವ 4473 ಎಂಬ ನಮೂನೆಯಲ್ಲಿ ನಿಮ್ಮ ವೀಸಾ ಸ್ಥಿತಿಯನ್ನು ನೇರವಾಗಿ ಕೇಳಲಾಗುತ್ತದೆ, ಅಲ್ಲಿ ಸುಳ್ಳು ಬರೆದರೆ ಅದೇ ಪ್ರತ್ಯೇಕ ಅಪರಾಧ.

ಮೂಲ ಪ್ರಶ್ನೆ ಕೇಳಿದವರಿಗೆ ಈ ತೊಡಕಿಲ್ಲ. ಗ್ರೀನ್ ಕಾರ್ಡ್ ಇರುವವರು ಕೊಳ್ಳಬಹುದು. ಆದರೂ ಕೈಬಂದೂಕು ಒಯ್ಯುವ ಟೆಕ್ಸಾಸ್ ಲೈಸೆನ್ಸ್ ಮಾಡಿಸಿಕೊಳ್ಳಿ ಎಂದೇ ನಾನು ಹೇಳುವುದು.

ಇರ್ವಿಂಗ್ ಅಂಗಡಿಯವ:
ಬೇಡವಾದ ಲೈಸೆನ್ಸ್ ಏಕೆ ಮಾಡಿಸಬೇಕು? ಮತ್ತೊಂದು ಅರ್ಜಿ, ಮತ್ತೊಂದು ತರಗತಿ, ಅಂಗಡಿ ಬಿಟ್ಟು ಹೋಗಲು ಸಮಯವೂ ಇಲ್ಲ.

ಕಾನೂನು ಓದುಗ:
ಏಕೆಂದರೆ ನಿಮ್ಮ ಅಂಗಡಿಯಿಂದ ಮನೆಗೆ ಹೋಗುವ ದಾರಿಯಲ್ಲಿ ಶಾಲೆಗಳಿವೆ. ಶಾಲೆಯ ಆವರಣದಿಂದ ಸಾವಿರ ಅಡಿಯೊಳಗೆ ಬಂದೂಕು ಒಯ್ಯುವುದನ್ನು 1990ರ ಫೆಡರಲ್ ಕಾನೂನು ನಿಷೇಧಿಸಿದೆ, ಮತ್ತು ಅದರಿಂದ ಬಿಡುಗಡೆ ಇರುವುದು ಆ ರಾಜ್ಯದ ಲೈಸೆನ್ಸ್ ಪಡೆದವರಿಗೆ. ಲೈಸೆನ್ಸ್ ಇಲ್ಲದವರು ಗುಂಡು ತೆಗೆದು, ಬೀಗ ಹಾಕಿದ ಪೆಟ್ಟಿಗೆಯಲ್ಲಿಟ್ಟು ಸಾಗಿಸಬೇಕು. ಹಾಗೆ ಮಾಡಿದರೆ ಜೇಬಿನಲ್ಲಿ ಇಟ್ಟುಕೊಳ್ಳುವ ಉದ್ದೇಶವೇ ಉಳಿಯುವುದಿಲ್ಲ. ಶುಲ್ಕ 40 ಡಾಲರ್. ತರಗತಿ ನಾಲ್ಕರಿಂದ ಆರು ಗಂಟೆ. ಪರೀಕ್ಷೆಯಲ್ಲಿ ಮೂರು, ಏಳು ಮತ್ತು ಹದಿನೈದು ಗಜಗಳಿಂದ ಒಟ್ಟು ಐವತ್ತು ಗುಂಡು ಹಾರಿಸಿ 250ಕ್ಕೆ 175 ಅಂಕ ಗಳಿಸಬೇಕು.

ಲೈಸೆನ್ಸ್ ಇದ್ದರೂ ಎಲ್ಲೆಡೆ ಒಯ್ಯುವಂತಿಲ್ಲ. ನಮ್ಮವರು ಹೆಚ್ಚು ಮರೆಯುವುದು ಇದನ್ನೇ: ಯುಗಾದಿ, ರಾಜ್ಯೋತ್ಸವದಂಥ ಕಾರ್ಯಕ್ರಮಗಳನ್ನು ಕನ್ನಡ ಸಂಘಗಳು ಎಷ್ಟೋ ಸಲ ಶಾಲೆಯ ಸಭಾಂಗಣವನ್ನು ಬಾಡಿಗೆಗೆ ಪಡೆದು ನಡೆಸುತ್ತವೆ. ಕಾರ್ಯಕ್ರಮ ನಮ್ಮದಾದರೂ ಕಟ್ಟಡ ಶಾಲೆಯದು. ಜೇಬಿನಲ್ಲಿರುವುದು ಒಳಗೆ ಬಂದರೆ ಅಪರಾಧ. ದೇವಸ್ಥಾನಗಳಲ್ಲಿ 2019ರಿಂದ ನಿಯಮ ಬೇರೆ, ಅಲ್ಲಿ ನಿಷೇಧದ ಫಲಕವಿದ್ದರೆ ಒಯ್ಯಬಾರದು, ರಾಜ್ಯದ ದಂಡಸಂಹಿತೆಯ 30.06ನೆಯ ಕಲಮನ್ನು ಹೆಸರಿಸಿ ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಎರಡರಲ್ಲೂ ದೊಡ್ಡ ಅಕ್ಷರಗಳಲ್ಲಿ ಬರೆದ ಫಲಕವನ್ನು ಬಾಗಿಲಲ್ಲಿ ನೋಡಿ. ಮದ್ಯದ ಮಾರಾಟವೇ ಮುಖ್ಯ ಆದಾಯವಾಗಿರುವ ಬಾರ್‌ಗಳ ಕೆಂಪು ಬಣ್ಣದ 51% ಫಲಕಕ್ಕೂ ಯಾವ ವಿನಾಯಿತಿಯಿಲ್ಲ.

ಬಸವನಗುಡಿ ಓದುಗ:
ಬೆಂಗಳೂರಿನಲ್ಲಿ ಕುಳಿತು ಇದನ್ನೆಲ್ಲ ಓದುತ್ತಿದ್ದೇನೆ, ಸುಮ್ಮನಿರಲಾಗಲಿಲ್ಲ. ಅಮೆರಿಕದಲ್ಲಿ 2022ರಲ್ಲಿ ಗುಂಡಿನಿಂದ ಸತ್ತವರು 48,000ಕ್ಕೂ ಹೆಚ್ಚು, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ತಮ್ಮ ಜೀವವನ್ನು ತಾವೇ ತೆಗೆದುಕೊಂಡವರು. ದರೋಡೆಕೋರನಿಗೆಂದು ತಂದ ಬಂದೂಕು ಮನೆಯವರ ಕೈಗೇ ಸಿಗುವ ಸಾಧ್ಯತೆಯನ್ನು ನೀವ್ಯಾರೂ ಏಕೆ ಎತ್ತಿಲ್ಲ? ಗಲ್ಲಾದ ಹಣವನ್ನು ಕೇಳಿದವನಿಗೆ ಕೊಟ್ಟುಬಿಡಿ. ಕಾರನ್ನು ಹಿಂಬದಿಯ ಬದಲು ಮುಂಭಾಗದ ದೀಪದ ಕೆಳಗೆ ನಿಲ್ಲಿಸಿ, ಒಬ್ಬರೇ ಅಂಗಡಿ ಮುಚ್ಚುವುದನ್ನು ನಿಲ್ಲಿಸಿ, ಹಣವನ್ನು ತೆರೆಯಲಾಗದ ತಿಜೋರಿಗೆ ಆಗಾಗ ಹಾಕುತ್ತಿರಿ. ಇವುಗಳಲ್ಲಿ ಯಾವುದಕ್ಕೂ ಜೇಬು ಬೇಕಿಲ್ಲ.

ಐದು ಗುಂಡು:
ನೀವು ಹೇಳಿದ ಮೂರನ್ನೂ ಅವರು ಮಾಡಲಿ, ಅದರಲ್ಲಿ ಯಾರಿಗೂ ತಕರಾರಿಲ್ಲ. ಆದರೆ ಹಣ ಕೊಟ್ಟ ಮೇಲೂ ಹೊಡೆಯುವವರಿದ್ದಾರೆ, ಮತ್ತು ರಾತ್ರಿ ಹನ್ನೊಂದಕ್ಕೆ ಒಬ್ಬಂಟಿಯಾಗಿ ನಿಂತವರಿಗೆ ದೂರದಿಂದ ಬುದ್ಧಿ ಹೇಳುವುದು ಸುಲಭ.

ಬಸವನಗುಡಿ ಓದುಗ:
ದೂರದಲ್ಲಿರುವುದರಿಂದ ಅಂಕಿಯೇನೂ ಬದಲಾಗುವುದಿಲ್ಲ. ಮನೆಯಲ್ಲಿ ಯಾರಿಗಾದರೂ ಖಿನ್ನತೆ ಇದ್ದರೆ, ಹದಿಹರೆಯದ ಮಕ್ಕಳಿದ್ದರೆ, ಬಂದೂಕು ತರುವ ಮೊದಲು ಅದನ್ನು ಮನೆಯವರೆಲ್ಲ ಕುಳಿತು ಮಾತನಾಡಬೇಕೆಂಬುದಷ್ಟೇ ನನ್ನ ಒತ್ತಾಯ.

ಆಸ್ಟಿನ್ ಅಕ್ಕ:
ಬಸವನಗುಡಿಯವರ ಮಾತನ್ನು ತಳ್ಳಿಹಾಕಬೇಡಿ, ಜೇಬಿನ ಬಂದೂಕಿಗೆ ಅದು ಇನ್ನೂ ಹೆಚ್ಚು ಅನ್ವಯಿಸುತ್ತದೆ. ಸೊಂಟದ ಬಂದೂಕನ್ನು ಬಿಚ್ಚಿಡಲೇಬೇಕು. ಜೇಬಿನದ್ದು ಪ್ಯಾಂಟಿನ ಜೊತೆಗೇ ಬಾಗಿಲ ಹಿಂದಿನ ಮೊಳೆಗೆ ಹೋಗಿ ನೇತುಬೀಳುತ್ತದೆ. ನಮ್ಮ ಮನೆಗಳಲ್ಲಿ ಆರು ತಿಂಗಳಿಗೆಂದು ಊರಿನಿಂದ ಬಂದ ಅಮ್ಮಂದಿರು ಯಾರೂ ಹೇಳದಿದ್ದರೂ ಬಟ್ಟೆ ಒಗೆಯಲು ಎತ್ತಿಕೊಳ್ಳುತ್ತಾರೆ, ಮಷೀನಿಗೆ ಹಾಕುವ ಮೊದಲು ಜೇಬುಗಳನ್ನು ಒಂದೊಂದಾಗಿ ತಡವಿ ನೋಡುತ್ತಾರೆ. ಆ ಕೈಗೆ ಗುಂಡು ತುಂಬಿದ ಪಿಸ್ತೂಲು ಸಿಗಬಾರದು. ಪಕ್ಕದಲ್ಲಿ ಮೊಮ್ಮಗು ನಿಂತಿರುತ್ತದೆ ಬೇರೆ. ಮನೆಯ ಬಾಗಿಲು ದಾಟಿದ ತಕ್ಷಣ ಹೋಲ್‌ಸ್ಟರ್ (ಬಂದೂಕಿನ ಒರೆ) ಸಮೇತ ಹೊರತೆಗೆದು ಬೆರಳಚ್ಚು ಅಥವಾ ಸಂಖ್ಯೆಯ ಪೆಟ್ಟಿಗೆಗೆ ಹಾಕಿ ಮುಚ್ಚಬೇಕು. ಹದಿನೇಳು ತುಂಬದ ಮಕ್ಕಳಿಗೆ ಗುಂಡು ತುಂಬಿದ ಬಂದೂಕು ಸಿಗುವಂತೆ ಬಿಡುವುದು ಟೆಕ್ಸಾಸ್‌ನಲ್ಲೂ ಅಪರಾಧವೇ.

ಕಾನೂನು ಓದುಗ:
ಅಕ್ಕನವರ ಮಾತಿಗೆ ಒಂದು ಸೇರ್ಪಡೆ. ಪ್ರವಾಸಿ ವೀಸಾದ ಮೇಲೆ ಬಂದ ತಂದೆತಾಯಿಗಳಿಗೂ ನಾನು ಮೇಲೆ ಹೇಳಿದ ನಿಷೇಧ ಅನ್ವಯಿಸುತ್ತದೆ. ಆದ್ದರಿಂದ ಆ ಪೆಟ್ಟಿಗೆಯ ಸಂಖ್ಯೆ ಅವರಿಗೆ ತಿಳಿದಿರಬಾರದು.

ಕೊಡಗಿನವ:
ನಾನು ಬೆಳೆದದ್ದು ಕೋವಿಯಿರುವ ಮನೆಯಲ್ಲಿ. ಸೆಪ್ಟೆಂಬರ್ ಮೊದಲ ವಾರದ ಕೈಲ್‌ಪೊಳ್ದ್ ಹಬ್ಬಕ್ಕೆ ಆಯುಧಗಳನ್ನೆಲ್ಲ ಒರೆಸಿ, ಕೋವಿಯ ಬಾಯಿಗೆ ಕೆಂಪು ಹಳದಿಯ ತೋಕ್‌ಪೂ ಸಿಕ್ಕಿಸಿ ಪೂಜೆಗೆ ಇಡುತ್ತಾರೆ. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ ಭೂಮಿಯ) ಹಿಡುವಳಿದಾರರಿಗೂ ಇರುವ ಲೈಸೆನ್ಸ್ ವಿನಾಯಿತಿಯನ್ನು ಹೈಕೋರ್ಟ್ 2021ರಲ್ಲಿ ಎತ್ತಿಹಿಡಿದದ್ದು ಎಲ್ಲರಿಗೂ ಗೊತ್ತು. ಇದನ್ನು ಹೇಳುವ ಕಾರಣವೇನೆಂದರೆ, ಮನೆಯ ಕೋವಿಯನ್ನು ಬಲ್ಲೆನೆಂಬ ಧೈರ್ಯದಿಂದ ಜೇಬಿನ ಪಿಸ್ತೂಲನ್ನು ಹಿಡಿಯಬಾರದು. ಕೋವಿಯ ನಳಿಗೆ ಉದ್ದ, ಅದು ಯಾವ ಕಡೆ ನೋಡುತ್ತಿದೆಯೆಂದು ಸುತ್ತಲಿದ್ದವರಿಗೆಲ್ಲ ಕಾಣುತ್ತದೆ. ಅಂಗೈ ಗಾತ್ರದ ಪಿಸ್ತೂಲಿನ ಬಾಯಿ ಮಣಿಕಟ್ಟು ಸ್ವಲ್ಪ ತಿರುಗಿದರೂ ಪಕ್ಕದವರ ಕಡೆಗೆ, ಅಥವಾ ನಿಮ್ಮದೇ ಎಡಗೈ ಕಡೆಗೆ ತಿರುಗಿಬಿಡುತ್ತದೆ. ಸ್ಲೈಡ್ ಎಳೆಯುವಾಗ ಹೊಸಬರು ಅದನ್ನು ಹೊಟ್ಟೆಗೆ ಅಡ್ಡವಾಗಿ ಹಿಡಿಯುವುದನ್ನು ನೋಡಿದರೆ ಎದೆ ಝಲ್ಲೆನ್ನುತ್ತದೆ. ಮೊದಲು ಒಬ್ಬ ಶಿಕ್ಷಕರ ಬಳಿ ಹೋಗಿ, ಅಂಗಡಿಗೆ ಆಮೇಲೆ.

ನ್ಯೂಜೆರ್ಸಿ ಕನ್ನಡತಿ:
ಟೆಕ್ಸಾಸ್‌ನವರು ನಮ್ಮ ಕಡೆ ನೆಂಟರ ಮನೆಗೆ ಬರುವಾಗ ಅದನ್ನು ಅಲ್ಲೇ ಬಿಟ್ಟು ಬನ್ನಿ. 2022ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ನಮ್ಮಲ್ಲೂ ಪರವಾನಗಿ ಸಿಗುವುದು ಸುಲಭವಾಗಿದೆ, ಆದರೆ ನಿಮ್ಮ ರಾಜ್ಯದ ಲೈಸೆನ್ಸ್ ಇಲ್ಲಿ ನಡೆಯುವುದಿಲ್ಲ, ಮತ್ತು ಟೊಳ್ಳುಮೂತಿಯ, ಅಂದರೆ ಬಡಿದಾಗ ಅರಳುವ ಗುಂಡುಗಳ ಮೇಲೂ ಇಲ್ಲಿ ಕಟ್ಟುನಿಟ್ಟಿದೆ. ಅಮೆರಿಕದ ವಿಮಾನ ನಿಲ್ದಾಣಗಳ ತಪಾಸಣೆಯಲ್ಲಿ 2023ರಲ್ಲಿ ಸಿಕ್ಕಿಬಿದ್ದ ಬಂದೂಕುಗಳ ಸಂಖ್ಯೆ 6,737. ಅವುಗಳಲ್ಲಿ ಬಹುತೇಕ ಗುಂಡು ತುಂಬಿದವೇ.

ಭಾರತಕ್ಕೆ ಹೋಗುವವರು ಇನ್ನೂ ಎಚ್ಚರ ವಹಿಸಬೇಕು. ರೇಂಜ್‌ಗೆ ಒಯ್ದ ಬ್ಯಾಗನ್ನು ಊರಿನ ಪ್ರಯಾಣಕ್ಕೆ ಬಳಸಲೇಬೇಡಿ. ಅದರ ಹೊಲಿಗೆಯ ಸಂದಿಯಲ್ಲಿ ಉಳಿದ ಒಂದೇ ಒಂದು ಜೀವಂತ ಗುಂಡು ಬೆಂಗಳೂರಿನಲ್ಲೋ ದೆಹಲಿಯಲ್ಲೋ ಎಕ್ಸ್‌ರೇಯಲ್ಲಿ ಕಂಡರೆ ಶಸ್ತ್ರಾಸ್ತ್ರ ಕಾಯ್ದೆಯಡಿ ಪ್ರಕರಣ ದಾಖಲಾಗುತ್ತದೆ. ಅರಿವಿಲ್ಲದೆ ಉಳಿದದ್ದೆಂದು ಹೈಕೋರ್ಟುಗಳು ಇಂಥ ಅನೇಕ ಪ್ರಕರಣಗಳನ್ನು ರದ್ದುಪಡಿಸಿವೆ, ಆದರೆ ಅಲ್ಲಿಯವರೆಗೆ ರಜೆ, ವಿಮಾನ, ಕೆಲಸ ಎಲ್ಲವೂ ಕೈತಪ್ಪಿರುತ್ತವೆ.

ಹ್ಯೂಸ್ಟನ್ ಹಳಬ:
ಮತ್ತೆ ಜೇಬಿಗೆ ಬರೋಣ. ಯಾವುದನ್ನೇ ಕೊಂಡರೂ ಜೇಬಿಗೆಂದೇ ಮಾಡಿದ ಹೋಲ್‌ಸ್ಟರ್ ಇಲ್ಲದೆ ಇಡಬೇಡಿ. ಅದು ಮೂರು ಕೆಲಸ ಮಾಡಬೇಕು: ಟ್ರಿಗರನ್ನು ಪೂರ್ತಿ ಮುಚ್ಚಬೇಕು, ಬಂದೂಕಿನ ಹಿಡಿಯನ್ನು ಸದಾ ಮೇಲ್ಮುಖವಾಗಿ ನಿಲ್ಲಿಸಬೇಕು, ಎಳೆದಾಗ ತಾನು ಜೇಬಿನಲ್ಲೇ ಉಳಿಯಬೇಕು. ಹೋಲ್‌ಸ್ಟರ್ ಕೈಯೊಡನೆ ಹೊರಬಂದರೆ ಅದು ಉಪಯೋಗಕ್ಕಿಲ್ಲ. ಮ್ಯಾಕ್ಸ್‌ನ ಟ್ರಿಗರ್ ಹಳೆಯ ಎಲ್‌ಸಿಪಿಗಿಂತ ಹಗುರ ಮತ್ತು ಗಿಡ್ಡ, ಹಾಗಾಗಿ ಅದಕ್ಕೆ ಇದು ಎರಡು ಪಟ್ಟು ಅನ್ವಯ. ಬೇಕೆಂದರೆ ಹೆಬ್ಬೆರಳಿನ ಸೇಫ್ಟಿ ಇರುವ ಮಾದರಿಯೂ ಸಿಗುತ್ತದೆ.

ಆ ಜೇಬಿನಲ್ಲಿ ಬೇರೇನೂ ಇರಕೂಡದು. ಕೀಲಿ, ಚಿಲ್ಲರೆ, ಪೆನ್ನು, ಯಾವುದೂ ಬೇಡ. ಜೇಬಿನ ನೂಲಿನ ದೂಳು ನಳಿಗೆಯೊಳಗೂ ಸ್ಲೈಡಿನ ಸಂದಿಗೂ ಸೇರುತ್ತದೆ, ವಾರಕ್ಕೊಮ್ಮೆಯಾದರೂ ಗುಂಡು ತೆಗೆದು ಒರೆಸಿ. ಗುಂಡಿನ ವಿಷಯದಲ್ಲಿ 380ಕ್ಕೆ ಒಂದು ಮಿತಿಯಿದೆ: ಎಫ್‌ಬಿಐ ಅಳತೆಗೋಲಿನಂತೆ ಗುಂಡು ಮಾಂಸವನ್ನು ಹೋಲುವ ಪರೀಕ್ಷಾ ಜೆಲ್‌ನಲ್ಲಿ 12ರಿಂದ 18 ಅಂಗುಲ ಇಳಿಯಬೇಕು, ಚಿಕ್ಕ ನಳಿಗೆಯಿಂದ ಹೊರಟ 380 ಟೊಳ್ಳುಮೂತಿ ಚೆನ್ನಾಗಿ ಅರಳಿದರೆ ಅಷ್ಟು ಇಳಿಯದು, ಇಳಿದರೆ ಅರಳದು. ಎರಡನ್ನೂ ಸಾಧಿಸುವ ಗುಂಡುಗಳು ಕೆಲವೇ ಇವೆ, ಪರೀಕ್ಷೆಗಳನ್ನು ನೋಡಿ ಆರಿಸಿ.

ಐದು ಗುಂಡು:
ಇದೇ ಕಾರಣಕ್ಕೆ ನಾನು 642 ಹಾರಿಸುವ 38 ಸ್ಪೆಷಲ್ ಗುಂಡೇ ಮೇಲೆನ್ನುವುದು. 642ರ ಒದೆತ ಹೆಚ್ಚೆನ್ನುವವರು 148 ಗ್ರೇನ್‌ನ ಚಪ್ಪಟೆ ಮೂತಿಯ ವಾಡ್‌ಕಟರ್ ಗುಂಡು ಹಾಕಿ ನೋಡಲಿ. ಮೃದುವಾಗಿ ಹಾರುತ್ತದೆ, ಸಾಕಷ್ಟು ಆಳಕ್ಕೂ ಇಳಿಯುತ್ತದೆ. ಚಪ್ಪಟೆ ಮೂತಿಯಾದ್ದರಿಂದ ಅವಸರದಲ್ಲಿ ಮತ್ತೆ ತುಂಬುವುದು ಕಷ್ಟ, ಅದೊಂದನ್ನು ಒಪ್ಪುತ್ತೇನೆ.

ಇರ್ವಿಂಗ್ ಅಂಗಡಿಯವ:
ಎಲ್ಲರ ಮಾತನ್ನೂ ಓದಿಕೊಂಡು, ಒಬ್ಬ ಶಿಕ್ಷಕರ ಜೊತೆಗೆ ರೇಂಜ್‌ಗೆ ಹೋಗಿ ಮೂರನ್ನೂ ಬಾಡಿಗೆಗೆ ಪಡೆದು ಹಾರಿಸಿ ಬಂದೆ. ಗುರಿಯ ದೃಷ್ಟಿಯಿಂದ ಪಿ365ಕ್ಕೆ ಸಾಟಿಯಿಲ್ಲ, ಏಳು ಗಜದಲ್ಲಿ ರಂಧ್ರಗಳೆಲ್ಲ ಅಂಗೈಯಷ್ಟು ಜಾಗದಲ್ಲೇ ಬಿದ್ದವು. ಆದರೆ ಶಿಕ್ಷಕರು ಕೊಟ್ಟ ಗುಂಡಿಲ್ಲದ ತರಬೇತಿ ಪ್ರತಿಯನ್ನು ಅಂಗಡಿಯಲ್ಲಿ ತೊಡುವ ಪ್ಯಾಂಟಿನ ಜೇಬಿಗೆ ಹಾಕಿ ಎಳೆದಾಗ ಹಿಡಿಯ ಹಿಂತುದಿ ಜೇಬಿನ ಅಂಚಿನ ಹೊಲಿಗೆಗೆ ಪದೇಪದೇ ತಡೆಯಿತು. 642 ಸಲೀಸಾಗಿ ಹೊರಬಂತು, ಆದರೆ ಟ್ರಿಗರ್ ಎಳೆಯುವಷ್ಟರಲ್ಲಿ ಮುಂಗುರಿ ಎಡಕ್ಕೆ ವಾಲುತ್ತಿತ್ತು, ಗುಂಡುಗಳು ಕಾಗದದ ಅಂಚಿಗೆ ಹೋದವು. ಮ್ಯಾಕ್ಸ್‌ನ ಒದೆತ ಚುರುಕಾಗಿದ್ದರೂ ಮೂರು ಮತ್ತು ಏಳು ಗಜದಲ್ಲಿ ನಿಭಾಯಿಸಬಲ್ಲೆನೆನಿಸಿತು. ಹೆಬ್ಬೆರಳಿನ ಸೇಫ್ಟಿ ಇರುವ ಮ್ಯಾಕ್ಸ್ ಕೊಳ್ಳಲು ತೀರ್ಮಾನಿಸಿದ್ದೇನೆ. ಲೈಸೆನ್ಸ್ ತರಗತಿಗೂ ಹೆಸರು ಕೊಟ್ಟಾಯಿತು, ಲೈಸೆನ್ಸ್ ಕೈಗೆ ಬರುವವರೆಗೆ ಅದು ಮನೆಯ ಪೆಟ್ಟಿಗೆಯಲ್ಲೇ ಇರುತ್ತದೆ. ಬಸವನಗುಡಿಯವರ ಸಲಹೆಯಂತೆ ಕಾರು ಈಗ ಮುಂಭಾಗದ ದೀಪದ ಕೆಳಗೆ ನಿಲ್ಲುತ್ತಿದೆ, ಮುಚ್ಚುವ ಹೊತ್ತಿಗೆ ಇನ್ನೊಬ್ಬ ಕೆಲಸದವನೂ ಇರುತ್ತಾನೆ.

ಐದು ಗುಂಡು:
ಸೇಫ್ಟಿ ಇರುವುದನ್ನು ಕೊಂಡರೆ ಪ್ರತಿ ಸಲ ಎಳೆಯುವಾಗಲೂ ಅದನ್ನು ಕೆಳಗೊತ್ತುವುದು ಕೈಗೆ ರೂಢಿಯಾಗಬೇಕು. ಆ ಪುಟ್ಟ ಗುಬುಟನ್ನು ಬೆವರಿದ ಹೆಬ್ಬೆರಳು ಕತ್ತಲಲ್ಲಿ ಹುಡುಕುವಂತಾಗಬಾರದು. ಅದು ಸಾಧ್ಯವಿಲ್ಲವೆನಿಸಿದರೆ ಸೇಫ್ಟಿ ಇಲ್ಲದ ಮಾದರಿ ಮತ್ತು ಒಳ್ಳೆಯ ಹೋಲ್‌ಸ್ಟರ್ ಮೇಲು.

ಹ್ಯೂಸ್ಟನ್ ಹಳಬ:
ಈ ಸಲ ಐದು ಗುಂಡಿನವರ ಮಾತಿಗೆ ನನ್ನ ಪೂರ್ಣ ಸಮ್ಮತಿಯಿದೆ. ಕೊಂಡ ಮೇಲೆ ಕನಿಷ್ಠ ಇನ್ನೂರು ಸಾಮಾನ್ಯ ಗುಂಡುಗಳನ್ನೂ, ಜೇಬಿನಲ್ಲಿ ಒಯ್ಯಲಿರುವ ಗುಂಡಿನ ಎರಡು ಡಬ್ಬಿಯನ್ನೂ ಹಾರಿಸಿ. ಈ ಗಾತ್ರದ ಪಿಸ್ತೂಲುಗಳು ಕೆಲವು ಮೂತಿಯ ಗುಂಡುಗಳನ್ನು ನುಂಗದೆ ಸಿಕ್ಕಿಹಾಕಿಕೊಳ್ಳುವುದುಂಟು, ಅದು ರೇಂಜ್‌ನಲ್ಲೇ ಗೊತ್ತಾಗಬೇಕು. ಮಣಿಕಟ್ಟು ಸಡಿಲ ಬಿಟ್ಟರೂ ಅದೇ ತೊಂದರೆ ಬರುತ್ತದೆ, ಹಾಗಾಗಿ ಸಿಕ್ಕಿಕೊಂಡರೆ ಮೊದಲು ಶಿಕ್ಷಕರ ಕೈಯಲ್ಲಿ ಹಾರಿಸಿ ನೋಡಿ, ಆಮೇಲೆ ಗುಂಡನ್ನು ಬದಲಿಸಿ.